ಕಷ್ಟದ ದಿನಗಳಲ್ಲಿ ಸಭೆಯಾಗಿ ಬದುಕುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ರೋಗ ಹರಡಿದಾಗ, ಯುದ್ಧ ಹತ್ತಿರ ಬಂದಾಗ, ಮನೆಮನೆಯಲ್ಲಿ ದುಡಿಮೆ ನಿಂತುಹೋದಾಗ, ಸುತ್ತಲಿನವರ ವಿರೋಧ ಹೆಚ್ಚಿದಾಗ ಅಥವಾ ಸಭೆಯೊಳಗೇ ಒಂದು ಅನ್ಯಾಯ ಬಯಲಿಗೆ ಬಂದಾಗ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಒಬ್ಬೊಬ್ಬರಾಗಿ ಪ್ರಾರ್ಥಿಸುತ್ತಲೇ ಇದ್ದೇವೆ, ಆದರೆ ಸಭೆಯಾಗಿ ನಾವು ಮಾಡಬೇಕಾದದ್ದೇನು? ಈ ಲೇಖನ ಆ ಪ್ರಶ್ನೆಗೆ ಉತ್ತರ. ಇಲ್ಲಿ ಸಭೆ ಎಂದರೆ ಕಟ್ಟಡವಲ್ಲ, ಪಂಗಡದ ಆಡಳಿತವೂ ಅಲ್ಲ. ಕ್ರಿಸ್ತನ ಹೆಸರಿನಲ್ಲಿ ಒಂದಾಗಿ ಸೇರುವ ವಿಶ್ವಾಸಿಗಳ ಒಂದು ಗುಂಪು, ಅದು ಇಪ್ಪತ್ತು ಜನರದ್ದಾದರೂ ಸರಿ, ಎರಡು ಸಾವಿರ ಜನರದ್ದಾದರೂ ಸರಿ.

ಕಷ್ಟಕಾಲದಲ್ಲಿ ಸಭೆಗಳು ಸೋಲುವುದು ಹೆಚ್ಚಾಗಿ ಪ್ರೀತಿಯ ಕೊರತೆಯಿಂದಲ್ಲ, ವ್ಯವಸ್ಥೆಯ ಕೊರತೆಯಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರೀತಿ ಇರುತ್ತದೆ, ಆದರೆ ಅದು ಯಾರ ಮನೆಗೆ ಹೋಗಬೇಕು, ಎಷ್ಟು ಹೊತ್ತಿಗೆ ಹೋಗಬೇಕು, ಏನನ್ನು ತೆಗೆದುಕೊಂಡು ಹೋಗಬೇಕು ಎಂದು ಯಾರೂ ಗೊತ್ತುಮಾಡಿರುವುದಿಲ್ಲ. ಅಪೊಸ್ತಲರ ಕೃತ್ಯಗಳನ್ನೂ ಪೌಲನ ಪತ್ರಿಕೆಗಳನ್ನೂ ಈ ದೃಷ್ಟಿಯಿಂದ ಓದಿದರೆ, ಆದಿಸಭೆಯವರು ಪ್ರಾರ್ಥನೆಗೆ ಕೊಟ್ಟಷ್ಟೇ ಗಮನವನ್ನು ಹಂಚಿಕೆಗೆ, ನೇಮಕಕ್ಕೆ, ಹಣದ ಲೆಕ್ಕಕ್ಕೆ ಕೊಟ್ಟಿದ್ದರು ಎಂಬುದು ಕಾಣುತ್ತದೆ.

ಆರಂಭಿಸುವ ಮೊದಲು ಬೇಕಾದದ್ದು

ಮೊದಲಿಗೆ ಐದಾರು ಮಂದಿಯ ಒಂದು ತಂಡ ಬೇಕು. ಸಭಾಪಾಲಕರು ಅದರಲ್ಲಿರಲಿ, ಆದರೆ ಎಲ್ಲ ಹೊರೆಯೂ ಅವರ ಮೇಲೆ ಬೀಳದಿರಲಿ. ತಂಡದಲ್ಲಿ ಸ್ತ್ರೀಯರು ಇರಲೇಬೇಕು. ಬಡತನವನ್ನೋ ದೀರ್ಘ ಕಾಯಿಲೆಯನ್ನೋ ಸ್ವತಃ ಅನುಭವಿಸಿದ ಒಬ್ಬರಾದರೂ ಇರಬೇಕು. ಅದರ ಜೊತೆಗೆ ಸಭೆಗೆ ಸೇರಿದ ಎಲ್ಲರ ಹೆಸರುಪಟ್ಟಿ, ಒಂದು ಲೆಕ್ಕದ ಪುಸ್ತಕ, ವಾರಕ್ಕೊಮ್ಮೆ ತಪ್ಪದೆ ಸೇರುವ ಒಂದು ಗೊತ್ತಾದ ವೇಳೆ. ಇಷ್ಟಿದ್ದರೆ ಕೆಲಸ ಆರಂಭಿಸಬಹುದು.

ಹಂತ 1: ಕಷ್ಟ ಯಾವುದೆಂದು ಸರಿಯಾಗಿ ಗುರುತಿಸಿರಿ

ಮೊದಲ ಕೂಟದಲ್ಲಿ ಪರಿಹಾರಗಳ ಮಾತೆತ್ತಬೇಡಿರಿ. ನಮಗೆ ಬಂದಿರುವುದು ಎಲ್ಲರಿಗೂ ಬಂದಿರುವ ವಿಪತ್ತೇ, ವಿಶ್ವಾಸಕ್ಕಾಗಿ ಬಂದಿರುವ ಹಿಂಸೆಯೇ ಅಥವಾ ನಮ್ಮದೇ ತಪ್ಪಿನ ಫಲವೇ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಿರಿ. ಎಲ್ಲರಿಗೂ ಬಂದ ವಿಪತ್ತಿನಲ್ಲಿ ಸಭೆ ನೆರೆಹೊರೆಯವರೊಂದಿಗೆ ಸೇರಿ ದುಡಿಯಬೇಕು. ಹಿಂಸೆ ಬಂದಾಗ ತಾಳ್ಮೆಯೂ ಎಚ್ಚರವೂ ಬೇಕು. ತಪ್ಪು ನಮ್ಮದಾಗಿದ್ದರೆ ಬೇಕಾದದ್ದು ಪಶ್ಚಾತ್ತಾಪ ಮತ್ತು ನಷ್ಟಭರ್ತಿ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ, ಪ್ರತಿಯೊಂದು ಅನನುಕೂಲವನ್ನೂ ಹಿಂಸೆ ಎಂದು ಕರೆಯುವುದು. ಪೇತ್ರನು ತನ್ನ ಮೊದಲನೆಯ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ ಕ್ರೈಸ್ತನೆಂಬ ಕಾರಣಕ್ಕೆ ಬರುವ ಬಾಧೆಯನ್ನು ದುಷ್ಕೃತ್ಯಕ್ಕಾಗಿಯೋ ಪರರ ಕಾರ್ಯದಲ್ಲಿ ತಲೆಹಾಕಿದ್ದಕ್ಕಾಗಿಯೋ ಬರುವ ಬಾಧೆಯಿಂದ ಸ್ಪಷ್ಟವಾಗಿ ಬೇರ್ಪಡಿಸುತ್ತಾನೆ. ಎರಡನ್ನೂ ಬೆರೆಸಿಬಿಟ್ಟರೆ, ನಿಜವಾಗಿ ಹಿಂಸೆಗೊಳಗಾದವರ ಸಾಕ್ಷಿಯ ಬೆಲೆಯನ್ನು ನಾವೇ ಕಡಿಮೆ ಮಾಡಿದಂತಾಗುತ್ತದೆ.

ಹಂತ 2: ಒಟ್ಟಾಗಿ ದುಃಖಿಸಲು ಸ್ಥಳ ಮಾಡಿಕೊಡಿರಿ

ಈ ಹಂತವನ್ನು ಹೆಚ್ಚಿನ ಸಭೆಗಳು ಹಾರಿಬಿಡುತ್ತವೆ; ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಪ್ರಲಾಪ ಎಂದರೆ ದೇವರ ಮುಂದೆ ನೋವನ್ನೂ ಪ್ರಶ್ನೆಯನ್ನೂ ಮುಚ್ಚಿಡದೆ ಇಡುವ ಪ್ರಾರ್ಥನೆ. ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಭಾಗ ಈ ಬಗೆಯದು. ಪ್ರಲಾಪಗಳು ಎಂಬ ಇಡೀ ಗ್ರಂಥವೇ ಯೆರೂಸಲೇಮಿನ ನಾಶದ ನಂತರದ ಗೋಳು; ಅದರ ಮೊದಲ ನಾಲ್ಕು ಅಧ್ಯಾಯಗಳನ್ನು ಇಬ್ರಿಯ ವರ್ಣಮಾಲೆಯ 22 ಅಕ್ಷರಗಳ ಕ್ರಮದಲ್ಲಿ ಹೆಣೆಯಲಾಗಿದೆ. ಕಣ್ಣೀರಿಗೂ ಒಂದು ಕ್ರಮವನ್ನು, ಎಲ್ಲರೂ ಕೂಡಿ ನುಡಿಯಬಹುದಾದ ಒಂದು ರೂಪವನ್ನು ಅದನ್ನು ಬರೆದವರು ಕೊಟ್ಟರು.

ಮಾಡುವ ವಿಧಾನ ಸರಳವಾಗಿದೆ. ಆರಾಧನೆಯಲ್ಲಿ 13ನೆಯ ಕೀರ್ತನೆಯನ್ನು ನಿಧಾನವಾಗಿ ಓದಿಸಿರಿ. ಅದು ಎಷ್ಟರವರೆಗೆ ಎಂಬ ಪ್ರಶ್ನೆಯಿಂದ ತೊಡಗಿ, ಬೇಡಿಕೆಗೆ ಬಂದು, ಕೊನೆಗೆ ಭರವಸೆಯಲ್ಲಿ ನಿಲ್ಲುತ್ತದೆ. ಓದಿದ ಮೇಲೆ ಕೆಲವು ನಿಮಿಷಗಳ ಮೌನವಿರಲಿ. ನಂತರ ತೀರಿಹೋದವರ ಹೆಸರುಗಳನ್ನು ಅವರ ಕುಟುಂಬದವರ ಒಪ್ಪಿಗೆ ಪಡೆದು ಓದಿರಿ. ಇಷ್ಟವಿರುವವರು ಒಂದೊಂದು ವಾಕ್ಯದಲ್ಲಿ ತಮ್ಮ ಅಳಲನ್ನು ಹೇಳಲಿ, ಪ್ರತಿಯೊಂದಕ್ಕೂ ಸಭೆಯು ಒಂದೇ ಸಣ್ಣ ಪ್ರತಿವಚನದಿಂದ ಉತ್ತರಿಸಲಿ. ಯಾರನ್ನೂ ಮಾತಾಡುವಂತೆ ಒತ್ತಾಯಿಸಬಾರದು. ಕೊನೆಯಲ್ಲಿ ಎಲ್ಲವನ್ನೂ ಸಂತೋಷದ ಹಾಡಿನಿಂದ ಮುಚ್ಚಿಬಿಡುವ ಆತುರವೂ ಬೇಡ, ಏಕೆಂದರೆ 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಮತ್ತು ಅದನ್ನೂ ದೇವಜನರು ಪವಿತ್ರ ವಚನವೆಂದೇ ಉಳಿಸಿಕೊಂಡು ಬಂದಿದ್ದಾರೆ.

ಎಚ್ಚರಿಕೆ: ದುಃಖದಲ್ಲಿರುವವರಿಗೆ ಕಾರಣಗಳನ್ನು ವಿವರಿಸಲು ಹೋಗಬೇಡಿರಿ. ಯೋಬನ ಸ್ನೇಹಿತರು 7 ದಿನ ಮೌನವಾಗಿ ಅವನ ಪಕ್ಕದಲ್ಲಿ ಕುಳಿತಿದ್ದಷ್ಟು ಕಾಲ ಸರಿಯಾದದ್ದನ್ನೇ ಮಾಡುತ್ತಿದ್ದರು. ಬಾಯಿ ತೆರೆದು ಅವನ ಪಾಪವನ್ನು ಹುಡುಕತೊಡಗಿದಾಗ ತಪ್ಪಿದರು. ಸಿಲೊವಾಮಿನಲ್ಲಿ ಬುರುಜು ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚು ಅಪರಾಧಿಗಳಾಗಿದ್ದರೋ ಎಂದು ಕೇಳಿದ ಯೇಸುವೇ ಅಲ್ಲವೆಂದು ಉತ್ತರಿಸಿದನು. ಯಾರ ರೋಗಕ್ಕೂ ಯಾರ ಸಾವಿಗೂ ಅವರ ಪಾಪವನ್ನಾಗಲಿ ವಿಶ್ವಾಸದ ಕೊರತೆಯನ್ನಾಗಲಿ ಕಾರಣವಾಗಿ ಹೇಳುವ ಅಧಿಕಾರ ನಿಮ್ಮ ತಂಡದ ಯಾರಿಗೂ ಇಲ್ಲವೆಂದು ಮೊದಲ ದಿನವೇ ತೀರ್ಮಾನಿಸಿಕೊಳ್ಳಿರಿ.

ಹಂತ 3: ಲೆಕ್ಕದಿಂದ ತಪ್ಪಿಹೋದವರನ್ನು ಹುಡುಕಿರಿ

ಅಪೊಸ್ತಲರ ಕೃತ್ಯಗಳು 6ನೆಯ ಅಧ್ಯಾಯದಲ್ಲಿ ಗ್ರೀಕ್ ಭಾಷೆಯನ್ನಾಡುವ ಯೆಹೂದ್ಯರು ಒಂದು ದೂರು ತಂದರು: ದಿನದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕೈಬಿಡಲಾಗುತ್ತಿದೆ. ಅಪೊಸ್ತಲರು ದೂರಿದವರನ್ನು ಗದರಿಸಲಿಲ್ಲ. ಸಭೆಯೇ ಏಳು ಮಂದಿಯನ್ನು ಆರಿಸುವಂತೆ ಹೇಳಿದರು, ಮತ್ತು ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ. ಯಾರಿಗೆ ಅನ್ಯಾಯವಾಗಿತ್ತೋ ಅವರಿಗೆ ಹತ್ತಿರದವರ ಕೈಗೇ ಹಂಚಿಕೆಯ ಹೊಣೆ ಹೋಯಿತೆಂದು ಇದರಿಂದ ತಿಳಿಯಬಹುದು.

ನೀವೂ ಹಾಗೆಯೇ ಮಾಡಿರಿ. ಹೆಸರುಪಟ್ಟಿಯನ್ನು ಮುಂದಿಟ್ಟುಕೊಂಡು, ಮನೆಗಳನ್ನು ನೋಡಿಕೊಳ್ಳುವ ಒಬ್ಬ ಪಾಲನೆಗಾರರಿಗೆ ಎಂಟು ಹತ್ತು ಮನೆಗಳಿಗಿಂತ ಹೆಚ್ಚು ಬಾರದಂತೆ ಹಂಚಿರಿ. ಒಬ್ಬರೇ ವಾಸಿಸುವವರು, ವೃದ್ಧರು, ಅಂಗವಿಕಲರು, ಸಣ್ಣ ಮಕ್ಕಳನ್ನು ಒಬ್ಬರೇ ಸಾಕುತ್ತಿರುವವರು, ಊರು ಬಿಟ್ಟು ಬಂದವರು, ಇತ್ತೀಚೆಗೆ ಆರಾಧನೆಗೆ ಬರುವುದನ್ನು ನಿಲ್ಲಿಸಿದವರು, ಇವರ ಹೆಸರುಗಳ ಮುಂದೆ ಗುರುತು ಹಾಕಿರಿ. ಪ್ರತಿ ವಾರ ಅವರನ್ನು ಕಾಣುವಾಗ ಅಥವಾ ಮಾತಾಡಿಸುವಾಗ ಕೇಳಬೇಕಾದ ಪ್ರಶ್ನೆಗಳು ನಾಲ್ಕು: ಊಟಕ್ಕೆ ಏನಾದರೂ ಕೊರತೆಯಿದೆಯೇ? ಔಷಧಿ ಸಿಗುತ್ತಿದೆಯೇ? ಮನೆಯಲ್ಲಿ ನೀವು ಸುರಕ್ಷಿತವಾಗಿದ್ದೀರಾ? ಯಾವ ವಿಷಯಕ್ಕಾಗಿ ಪ್ರಾರ್ಥಿಸಲಿ? ಮೂರನೆಯ ಪ್ರಶ್ನೆಯನ್ನು ಮನೆಯವರೆಲ್ಲ ಎದುರಿಗಿರುವಾಗ ಕೇಳಬಾರದು, ಏಕೆಂದರೆ ಭಯದ ಮೂಲ ಆ ಮನೆಯೊಳಗೇ ಇರಬಹುದು.

ಅವರು ಹೇಳಿದ್ದನ್ನು ಪ್ರಾರ್ಥನಾ ವಿಷಯವೆಂಬ ನೆಪದಲ್ಲಿ ಇತರರಿಗೆ ಹಂಚುವುದು ಬಹಳ ದೊಡ್ಡ ದ್ರೋಹ. ಸಭೆಯ ಮುಂದೆ ಇಡುವ ಮೊದಲು ಅವರ ಅನುಮತಿ ಕೇಳಿರಿ.

ಹಂತ 4: ಹಣವನ್ನು ಬೆಳಕಿನಲ್ಲಿ ಇಡಿರಿ

ಕ್ಷಾಮ ಬರಲಿದೆಯೆಂದು ಪ್ರವಾದಿಯಾದ ಅಗಬನು ತಿಳಿಸಿದಾಗ ಅಂತಿಯೋಕ್ಯದ ಶಿಷ್ಯರು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಕೂಡಿಸಿ, ಯೂದಾಯದ ಸಹೋದರರಿಗೆ ಬಾರ್ನಬ ಮತ್ತು ಸೌಲ (ಮುಂದೆ ಪೌಲನೆಂದು ಕರೆಯಲ್ಪಟ್ಟವನು) ಇವರ ಕೈಯಲ್ಲಿ ಕಳುಹಿಸಿದರು. ಆ ಕ್ಷಾಮ ಕ್ರಿ.ಶ. 41ರಿಂದ 54ರವರೆಗೆ ಆಳಿದ ಕ್ಲೌದ್ಯ ಚಕ್ರವರ್ತಿಯ ಕಾಲದಲ್ಲಿ ಬಂತು. ನಂತರ ಪೌಲನು ಯೆರೂಸಲೇಮಿನ ಬಡವರಿಗಾಗಿ ಇನ್ನೊಂದು ದೊಡ್ಡ ಸಂಗ್ರಹವನ್ನು ನಡೆಸಿದನು. ಅದರ ನಿಯಮಗಳು ಇಂದಿಗೂ ಹಾಗೆಯೇ ಅನ್ವಯಿಸುತ್ತವೆ. ವಾರದ ಮೊದಲನೆಯ ದಿನ ಪ್ರತಿಯೊಬ್ಬರೂ ಆದಾಯಕ್ಕೆ ತಕ್ಕಂತೆ ತೆಗೆದಿಡಬೇಕು. ತಲುಪಿಸುವವರನ್ನು ಕೊಡುವ ಸಭೆಗಳೇ ಆರಿಸಬೇಕು. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸದಂತೆ, ಕರ್ತನ ಮುಂದೆ ಮಾತ್ರವಲ್ಲದೆ ಮನುಷ್ಯರ ಮುಂದೆಯೂ ಗೌರವವಾದದ್ದನ್ನೇ ಮಾಡಲು ಎಚ್ಚರವಹಿಸುತ್ತೇವೆ ಎಂದು ಅವನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ವಿವರಿಸುತ್ತಾನೆ. ಅಪೊಸ್ತಲನಾಗಿದ್ದ ಪೌಲನೇ ತನ್ನ ಮೇಲೆ ನಂಬಿಕೆಯಿಡಿ ಎಂದು ಹೇಳಿ ಸುಮ್ಮನಾಗಲಿಲ್ಲ. ಹಾಗಿರುವಾಗ ನಮ್ಮಲ್ಲಿ ಯಾರೊಬ್ಬರೂ ಅಂಥ ವಿನಾಯಿತಿ ಕೇಳುವುದು ಸಲ್ಲದು.

ಆದ್ದರಿಂದ: ಕಾಣಿಕೆಯನ್ನು ಯಾವಾಗಲೂ ಸಂಬಂಧಿಕರಲ್ಲದ ಇಬ್ಬರು ಕೂಡಿ ಎಣಿಸಲಿ. ಪರಿಹಾರದ ಹಣ ಕಟ್ಟಡದ ನಿಧಿಯೊಂದಿಗೆ ಬೆರೆಯದಿರಲಿ. ಹಣ ತೆಗೆಯಲು ಇಬ್ಬರ ಸಹಿ ಬೇಕು. ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ಕುಟುಂಬಗಳಿಗೆ ತಲುಪಿತು ಎಂಬುದನ್ನು ತಿಂಗಳಿಗೊಮ್ಮೆ ಸಭೆಗೆ ತಿಳಿಸಿರಿ. ಪಡೆದವರ ಹೆಸರುಗಳನ್ನು ಮಾತ್ರ ಎಂದಿಗೂ ಹೇಳಬೇಡಿರಿ.

ಎಚ್ಚರಿಕೆಗಳು ಎರಡಿವೆ. ಮೊದಲನೆಯದು, ಸಹಾಯ ಪಡೆಯುವವರ ಕೈಗೆ ಚೀಲ ಕೊಟ್ಟು ಫೋಟೋ ತೆಗೆಯುವುದು. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆಂದ ಕರ್ತನ ಮಾತಿನೊಂದಿಗೆ ಇದನ್ನು ಹೊಂದಿಸುವ ದಾರಿ ನನಗೆ ಕಾಣುವುದಿಲ್ಲ. ದಾನಿಗಳಿಗೆ ಲೆಕ್ಕ ಬೇಕಾದರೆ ರಸೀದಿ ತೋರಿಸಿರಿ, ಮುಖ ಬೇಡ. ಎರಡನೆಯದು, ಸಹಾಯಕ್ಕೆ ಷರತ್ತು ಹಾಕುವುದು. ಆರಾಧನೆಗೆ ಬಂದರೆ ಮಾತ್ರ, ದೀಕ್ಷಾಸ್ನಾನಕ್ಕೆ ಒಪ್ಪಿದರೆ ಮಾತ್ರ ಎಂಬ ಸುಳಿವು ಕೂಡ ಇರಬಾರದು. ಕೊಟ್ಟು ಕೊಳ್ಳುವ ವಿಶ್ವಾಸ ವಿಶ್ವಾಸವಲ್ಲ. ಮೇಲಾಗಿ ಹಸಿದವರ ಅಸಹಾಯಕತೆಯನ್ನು ಬಳಸಿಕೊಳ್ಳುವುದು ಪಾಪ. ಗಲಾತ್ಯದವರಿಗೆ ಪೌಲನು ಎಲ್ಲರಿಗೂ, ವಿಶೇಷವಾಗಿ ಒಂದೇ ನಂಬಿಕೆಯ ಮನೆಯವರಿಗೆ ಒಳ್ಳೆಯದನ್ನು ಮಾಡಬೇಕೆಂದು ಬರೆಯುತ್ತಾನೆ. ಅದರಲ್ಲಿನ ಎಲ್ಲರಿಗೂ ಎಂಬುದನ್ನು ಬಿಟ್ಟು ವಿಶೇಷವಾಗಿ ಎಂಬುದನ್ನು ಮಾತ್ರ ಹಿಡಿದುಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಕ್ರೈಸ್ತರನ್ನು ವಿರೋಧಿಸಿದ ರೋಮನ್ ಚಕ್ರವರ್ತಿ ಜೂಲಿಯನ್ನನ ಹೆಸರಿನಲ್ಲಿ ಉಳಿದುಬಂದಿರುವ ನಾಲ್ಕನೆಯ ಶತಮಾನದ ಒಂದು ಪತ್ರವು, ಇವರು ತಮ್ಮ ಬಡವರ ಜೊತೆಗೆ ನಮ್ಮ ಬಡವರನ್ನೂ ಪೋಷಿಸುತ್ತಿದ್ದಾರೆಂದು ದೂರುತ್ತದೆ. ಅಂಥ ದೂರು ಬರುವಂತೆ ಬದುಕುವುದು ನಮ್ಮ ಗುರಿಯಾಗಿರಲಿ.

ಹಂತ 5: ಆರಾಧನೆ ನಿಲ್ಲದಿರಲಿ, ದುಡುಕೂ ಬೇಡ

ದೊಡ್ಡದಾಗಿ ಸೇರಲು ಆಗದಿದ್ದರೆ ಮನೆಗಳಲ್ಲಿ ಸಣ್ಣ ಗುಂಪುಗಳಾಗಿ ಸೇರಿರಿ: ಸತ್ಯವೇದದ ಒಂದು ಭಾಗ, ಒಂದು ಹಾಡು, ಹೆಸರು ಹಿಡಿದು ಪ್ರಾರ್ಥನೆ. ಕರ್ತನ ಭೋಜನದ ವಿಷಯದಲ್ಲಿ ನಿಮ್ಮ ಸಭೆಯ ಕ್ರಮವನ್ನು ಅನುಸರಿಸಿರಿ. ಹೊಸ ಪದ್ಧತಿಯನ್ನು ಗಾಬರಿಯಲ್ಲಿ ಆರಂಭಿಸಬೇಡಿರಿ.

ಸಾಂಕ್ರಾಮಿಕ ರೋಗದ ಕಾಲದಲ್ಲಿ ಮುನ್ನೆಚ್ಚರಿಕೆ ವಹಿಸುವುದು ಅವಿಶ್ವಾಸವೇ ಎಂಬ ಪ್ರಶ್ನೆ ಹಳೆಯದು. 1527ರಲ್ಲಿ ವಿಟೆನ್‌ಬರ್ಗ್ ನಗರಕ್ಕೆ ಪ್ಲೇಗ್ ಬಂದಾಗ ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ ಅಲ್ಲೇ ಉಳಿದು ರೋಗಿಗಳ ಸೇವೆ ಮಾಡಿದರು. ಇದೇ ಪ್ರಶ್ನೆಯನ್ನು ಕೇಳಿದವರಿಗೆ ಪತ್ರರೂಪದಲ್ಲಿ ಉತ್ತರವನ್ನೂ ಬರೆದರು. ಸಭಾಪಾಲಕರು, ಅಧಿಕಾರಿಗಳು, ರೋಗಿಗಳ ಆರೈಕೆಯ ಹೊಣೆಯಿರುವವರು ಜಾಗ ಬಿಡಬಾರದು, ಹೊಣೆಯಿಲ್ಲದವರು ಹೋಗುವುದು ತಪ್ಪಲ್ಲ, ಔಷಧಿ ತೆಗೆದುಕೊಳ್ಳಬೇಕು, ಅಗತ್ಯವಿಲ್ಲದ ಕಡೆಗೆ ಹೋಗಿ ಸೋಂಕು ಹರಡಬಾರದು ಎಂಬುದು ಅವರ ಉತ್ತರದ ಸಾರ. ದೇವಾಲಯದ ಶಿಖರದಿಂದ ಹಾರಲು ಶೋಧಕನಾದ ಸೈತಾನನು ಹೇಳಿದಾಗ ಯೇಸು ದೇವರನ್ನು ಪರೀಕ್ಷಿಸಬಾರದೆಂದು ನಿರಾಕರಿಸಿದ್ದನ್ನು, ವಿಶ್ವಾಸದ ಹೆಸರಿನಲ್ಲಿ ಇತರರ ಪ್ರಾಣವನ್ನು ಅಪಾಯಕ್ಕೊಡ್ಡುವವರಿಗೆ ಪ್ರೀತಿಯಿಂದ ನೆನಪಿಸಿರಿ. ಇನ್ನೊಂದು ಬದಿಯ ತಪ್ಪೂ ಇದೆ: ಎಚ್ಚರಿಕೆಯ ಹೆಸರಿನಲ್ಲಿ ರೋಗಿಗಳನ್ನು ಪೂರ್ತಿಯಾಗಿ ಕೈಬಿಡುವುದು. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಡಯೋನೀಸಿಯಸ್, ರೋಗಿಗಳನ್ನು ಆರೈಕೆ ಮಾಡುತ್ತಲೇ ಸೋಂಕು ತಗಲಿ ಸತ್ತ ವಿಶ್ವಾಸಿಗಳ ಬಗ್ಗೆ ಬರೆದಿದ್ದಾರೆ. ಇಂದು ತರಬೇತಿಯೂ ರಕ್ಷಣಾ ಸಾಮಗ್ರಿಯೂ ಇರುವಾಗ ಅವರಿಗಿದ್ದಷ್ಟು ಅಪಾಯವಿಲ್ಲದೆಯೇ ನಾವು ಹತ್ತಿರ ಹೋಗಬಹುದು.

ಹಂತ 6: ಹೊರಗೂ ಒಳಗೂ ಸತ್ಯವನ್ನೇ ನುಡಿಯಿರಿ

ಹೊರಗಿನ ವಿರೋಧವಿದ್ದಾಗ ಸಭೆಯ ಪರವಾಗಿ ಮಾತಾಡಲು ಒಬ್ಬರನ್ನು ನೇಮಿಸಿರಿ. ನಡೆದ ಪ್ರತಿ ಘಟನೆಯ ದಿನಾಂಕ, ಸಮಯ, ಸ್ಥಳ, ಸಾಕ್ಷಿಗಳನ್ನು ಅಂದೇ ಬರೆದಿಡಿರಿ. ಕಾನೂನಿನ ರಕ್ಷಣೆ ಕೇಳುವುದು ವಿಶ್ವಾಸದ ಕೊರತೆಯಲ್ಲ. ಕೊರಡೆಯಿಂದ ಹೊಡೆಯಲು ಕಟ್ಟಿದಾಗ ಪೌಲನು ತನ್ನ ರೋಮನ್ ಪೌರತ್ವವನ್ನು ಹೇಳಿದನು, ನಂತರ ಕೈಸರನಿಗೆ ಮೊರೆಯಿಟ್ಟನು. ಖಚಿತವಾಗದ ಸುದ್ದಿಯನ್ನು, ಅದು ನಮ್ಮ ಪರವಾಗಿದ್ದರೂ, ಮುಂದಕ್ಕೆ ಕಳುಹಿಸಬೇಡಿರಿ. ವಿರೋಧಿಸುವವರಿಗಾಗಿ ಹೆಸರು ಹಿಡಿದು ಪ್ರಾರ್ಥಿಸುವುದು ಆರಾಧನೆಯ ಕ್ರಮದಲ್ಲೇ ಸೇರಿರಲಿ. ಇಲ್ಲವಾದರೆ ಕೆಲವೇ ತಿಂಗಳಲ್ಲಿ ದ್ವೇಷ ಸಭೆಯ ಭಾಷೆಯಾಗಿಬಿಡುತ್ತದೆ.

ನಮ್ಮ ಹಕ್ಕಿಗಾಗಿ ಮಾತ್ರ ದನಿಯೆತ್ತುವುದು ಇಲ್ಲಿನ ಇನ್ನೊಂದು ಗುಂಡಿ. 1934ರ ಮೇ ತಿಂಗಳಲ್ಲಿ ನಾಜಿ ಆಡಳಿತದಲ್ಲಿದ್ದ ಜರ್ಮನಿಯ ಬಾರ್ಮೆನ್‌ನಲ್ಲಿ ಸೇರಿದ ಪ್ರೊಟೆಸ್ಟೆಂಟ್ ಸಭೆಗಳ ಪ್ರತಿನಿಧಿಗಳು ಸಭೆಯ ಮೇಲೆ ಕ್ರಿಸ್ತನ ಹೊರತು ಬೇರೆ ಯಾವ ಒಡೆತನವನ್ನೂ ಒಪ್ಪುವುದಿಲ್ಲವೆಂದು ಆರು ಅಂಶಗಳಲ್ಲಿ ಘೋಷಿಸಿದರು. ಅದು ಧೈರ್ಯದ ಮಾತು. ಆದರೆ ಆ ಘೋಷಣೆಯಲ್ಲಿ ಹಿಂಸೆಗೊಳಗಾಗುತ್ತಿದ್ದ ಯೆಹೂದ್ಯರ ಬಗ್ಗೆ ಒಂದು ಮಾತೂ ಇಲ್ಲ. ಅದಕ್ಕಿಂತ ಒಂದು ವರ್ಷ ಮೊದಲೇ ಜರ್ಮನ್ ಪಾದ್ರಿ ಡೀಟ್ರಿಕ್ ಬಾನ್‌ಹಾಫರ್, ಪ್ರಭುತ್ವದ ಕೃತ್ಯಗಳಿಗೆ ಬಲಿಯಾದವರು ಕ್ರೈಸ್ತರಲ್ಲದಿದ್ದರೂ ಅವರಿಗೆ ಸಭೆ ಋಣಿಯಾಗಿದೆ ಎಂದು ವಾದಿಸಿದ್ದರು. ನಿಮ್ಮ ಊರಿನಲ್ಲಿ ನಿಮಗಿಂತ ಹೆಚ್ಚು ಕಷ್ಟದಲ್ಲಿರುವ, ನಿಮ್ಮ ವಿಶ್ವಾಸಕ್ಕೆ ಸೇರದ ಗುಂಪು ಯಾವುದೆಂದು ತಂಡದ ಕೂಟದಲ್ಲಿ ಕೇಳಿಕೊಳ್ಳಿರಿ. ಉತ್ತರವನ್ನು ಬರೆದಿಟ್ಟುಕೊಂಡು ಮುಂದಿನ ಕೂಟದೊಳಗೆ ಒಂದು ಕೆಲಸವನ್ನಾದರೂ ಮಾಡಿರಿ.

ಒಳಗಿನ ವಿಷಯ ಇದಕ್ಕಿಂತ ಕಠಿಣ. ಸಭೆಯಲ್ಲಿ ಯಾರಾದರೂ ಮಗುವಿನ ಮೇಲೋ ಸ್ತ್ರೀಯ ಮೇಲೋ ದೌರ್ಜನ್ಯ ಎಸಗಿದ್ದಾರೆಂಬ ದೂರು ಬಂದರೆ, ಸಭೆಯ ಹೆಸರು ಕೆಡುತ್ತದೆ, ಕಷ್ಟಕಾಲದಲ್ಲಿ ಒಗ್ಗಟ್ಟು ಮುಖ್ಯ ಎಂಬ ಮಾತುಗಳಿಂದ ಅದನ್ನು ಮುಚ್ಚಿಹಾಕಬೇಡಿರಿ. ಮತ್ತಾಯ 18ನೆಯ ಅಧ್ಯಾಯದ ಕ್ರಮವನ್ನು ತೋರಿಸಿ, ನೊಂದವರು ಮೊದಲು ತಪ್ಪು ಮಾಡಿದವನೊಬ್ಬನೊಂದಿಗೇ ಹೋಗಿ ಮಾತಾಡಲಿ ಎಂದು ಹೇಳುವುದು ಆ ವಚನದ ದುರುಪಯೋಗ. ಅದೇ ಅಧ್ಯಾಯದ ಆರಂಭದಲ್ಲಿ ಚಿಕ್ಕವರಿಗೆ ಅಡ್ಡಿಯಾಗುವವನ ಕೊರಳಿಗೆ ಬೀಸುವ ಕಲ್ಲನ್ನು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ಅವನಿಗೆ ಮೇಲು ಎಂಬ ಎಚ್ಚರಿಕೆಯಿದೆ. ಅಪರಾಧವನ್ನು ಅಧಿಕಾರಿಗಳಿಗೆ ತಿಳಿಸಿರಿ, ದೂರು ಕೊಟ್ಟವರ ಪಕ್ಕದಲ್ಲಿ ನಿಲ್ಲಿರಿ, ಆರೋಪಿಯನ್ನು ಸಭೆಯಲ್ಲಿ ವಹಿಸಿಕೊಂಡಿರುವ ಹೊಣೆಯಿಂದ ತಕ್ಷಣ ದೂರವಿಡಿರಿ.

ಹಂತ 7: ಬಿದ್ದವರಿಗೆ ಮರಳುವ ದಾರಿಯನ್ನು ಮೊದಲೇ ಯೋಚಿಸಿರಿ

ಭಯದಲ್ಲಿ ಕೆಲವರು ದೂರ ಸರಿಯುತ್ತಾರೆ, ಕೆಲವರು ಕ್ರಿಸ್ತನನ್ನು ಅಲ್ಲಗಳೆಯಲೂಬಹುದು. ಕ್ರಿ.ಶ. 250ರ ಹೊತ್ತಿಗೆ ರೋಮನ್ ಚಕ್ರವರ್ತಿ ಡೇಸಿಯಸ್, ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿಯರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದಾಗ ಅನೇಕ ಕ್ರೈಸ್ತರು ಬಲಿಯರ್ಪಿಸಿದರು, ಇನ್ನು ಕೆಲವರು ಬಲಿಯರ್ಪಿಸದೆಯೇ ಹಣ ಕೊಟ್ಟು ಪತ್ರ ಪಡೆದರು. ಹಿಂಸೆ ತಗ್ಗಿದ ಮೇಲೆ ಇವರು ಮರಳಿ ಬಂದಾಗ ಸಭೆ ಇಬ್ಭಾಗವಾಯಿತು. ರೋಮಿನ ಪಾದ್ರಿ ನೊವೇಷಿಯನ್ ಅಂಥವರನ್ನು ಸಭೆಗೆ ಮತ್ತೆ ಸೇರಿಸಲೇಬಾರದೆಂದರು. ಬೇರೆ ಕೆಲವರು ಯಾವ ವಿಚಾರಣೆಯೂ ಇಲ್ಲದೆ ಸೇರಿಸಿಕೊಳ್ಳತೊಡಗಿದರು. ಉತ್ತರ ಆಫ್ರಿಕದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮತ್ತು 251ರಲ್ಲಿ ಅಲ್ಲಿ ಸೇರಿದ ಬಿಷಪ್ಪರು ನಡುವಿನ ದಾರಿ ಹಿಡಿದರು: ಒಬ್ಬೊಬ್ಬರ ಸಂಗತಿಯನ್ನೂ ಬೇರೆಬೇರೆಯಾಗಿ ಪರಿಶೀಲಿಸಿ, ಪಶ್ಚಾತ್ತಾಪಕ್ಕೆ ಕಾಲ ಕೊಟ್ಟು, ಬಾಗಿಲನ್ನು ತೆರೆದೇ ಇಡುವುದು.

ನಿಮ್ಮ ಸಭೆಯಲ್ಲೂ ಕಷ್ಟ ತೀರುವ ಮೊದಲೇ ಹಿರಿಯರು ಇದನ್ನು ಮಾತಾಡಿಕೊಂಡಿರಲಿ. ಮರಳಿ ಬಂದವರನ್ನು ಇಬ್ಬರು ಹಿರಿಯರು ಖಾಸಗಿಯಾಗಿ ಕಾಣಲಿ, ಅವರ ಮಾತನ್ನು ಪೂರ್ತಿಯಾಗಿ ಕೇಳಲಿ. ಸಭೆಯ ಮುಂದೆ ನಿಲ್ಲಿಸಿ ನಾಚಿಕೆಪಡಿಸುವುದು ಬೇಡ. ಹಾಗೆಂದು ಏನೂ ಆಗದಂತೆ ಮರುದಿನವೇ ಬೋಧನೆಯ ಹೊಣೆ ಕೊಡುವುದೂ ಬೇಡ. ಮೂರು ಸಲ ಅಲ್ಲಗಳೆದ ಪೇತ್ರನನ್ನು ಪುನರುತ್ಥಿತನಾದ ಕರ್ತನು ಮೂರು ಸಲ ಪ್ರೀತಿಯ ಬಗ್ಗೆ ಪ್ರಶ್ನಿಸಿದನು, ಪ್ರತಿ ಉತ್ತರದ ನಂತರವೂ ಕುರಿಗಳ ಹೊಣೆಯನ್ನು ಕೊಟ್ಟನು. ಅದಕ್ಕೂ ಮೊದಲು ಅವನಿಗೆ ಊಟ ಬಡಿಸಿದ್ದನು.

ಹಂತ 8: ದುಡಿಯುವವರನ್ನೂ ನೋಡಿಕೊಳ್ಳಿರಿ

ಪ್ರಾಣಭಯದಿಂದ ಓಡುತ್ತಿದ್ದ ಪ್ರವಾದಿ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು. ತಿಂದು ಅವನು ಮತ್ತೆ ಮಲಗಿದನು. ಪಾಲನೆಯ ತಂಡದವರಿಗೆ ವಾರದಲ್ಲಿ ಒಂದು ದಿನ ಫೋನ್ ಕೂಡ ಬಾರದಂತೆ ಸರದಿ ಹಾಕಿರಿ. ಸಭಾಪಾಲಕರ ಕುಟುಂಬವನ್ನು ನೋಡಿಕೊಳ್ಳುವ ಹೊಣೆಯನ್ನು ಒಬ್ಬರಿಗೆ ಒಪ್ಪಿಸಿರಿ. ನಿದ್ರೆಯಿಲ್ಲದಿರುವುದು, ಸಣ್ಣ ವಿಷಯಕ್ಕೆ ಸಿಡುಕುವುದು, ಪ್ರಾರ್ಥಿಸಲು ಆಗದಿರುವುದು ವಾರಗಟ್ಟಲೆ ಮುಂದುವರಿದರೆ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ.

ಹಂತ 9: ಕಷ್ಟ ತಗ್ಗಿದ ಮೇಲೆ

ಉಳಿದ ಹಣವನ್ನು ಏನು ಮಾಡಬೇಕೆಂದು ಸಭೆಯ ಮುಂದೆಯೇ ತೀರ್ಮಾನಿಸಿ, ಅಂತಿಮ ಲೆಕ್ಕವನ್ನು ಓದಿಸಿರಿ. ಪಾಲನೆಯ ಹೆಸರುಪಟ್ಟಿಯನ್ನು ಮಾತ್ರ ಅದೇ ದಿನ ಮುಚ್ಚಬೇಡಿರಿ. ಹೊರಗಿನವರಿಗೆ ಕಷ್ಟ ಮುಗಿದಂತೆ ಕಂಡರೂ ವಿಧವೆಯರಿಗೆ, ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ, ಸಾಲದಲ್ಲಿ ಸಿಕ್ಕಿಬಿದ್ದವರಿಗೆ ಅದು ಮುಗಿದಿರುವುದಿಲ್ಲ. ಆ ಮನೆಗಳ ಭೇಟಿ ಕನಿಷ್ಠ ಇನ್ನೊಂದು ವರ್ಷ ಮುಂದುವರಿಯಲಿ. ತೀರಿಹೋದವರ ಮೊದಲ ವರ್ಷದ ದಿನಗಳನ್ನು ಪಟ್ಟಿಯಲ್ಲೇ ಬರೆದಿಟ್ಟು, ಆ ದಿನ ಯಾರು ಹೋಗಬೇಕೆಂಬುದನ್ನು ಈಗಲೇ ಗೊತ್ತುಮಾಡಿರಿ.